ಹಸಿದ ಹೂಜಿ ಮತ್ತು ತುಂತುರಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಸ್ಯೋದ್ಯಾನದ ಗಾಜಿನ ಮನೆಯ ಬಾಗಿಲು ತಳ್ಳಿದರೆ ಒದ್ದೆ ಪಾಚಿಯ ವಾಸನೆ ಮುಖಕ್ಕೆ ರಪ್ಪನೆ ಬಡಿಯುತ್ತದೆ. ಒಳಗೆ ಕಬ್ಬಿಣದ ಬೆಂಚುಗಳ ನಡುವಿನ ಇಕ್ಕಟ್ಟಿನಲ್ಲಿ ಒಬ್ಬ ಹೆಂಗಸು ಮೋಟು ಏಣಿಯ ಮೇಲೆ ನಿಂತಿದ್ದಾರೆ. ಹಣೆಗೆ ಕಟ್ಟಿದ ಪುಟ್ಟ ಟಾರ್ಚು, ಮೂಗಿನ ತುದಿಗೆ ಜಾರಿದ ಕನ್ನಡಕ, ಬಲಗೈಯಲ್ಲಿ ಸೂಜಿಗಿಂತ ಸಪೂರದ ಗಾಜಿನ ಕೊಳವೆ. ಅವರ ಮುಂದೆ, ಎಲೆಯ ತುದಿಯಿಂದ ಇಳಿದ ಬಳ್ಳಿಗೆ ನೇತುಬಿದ್ದು, ಗೇಣುದ್ದದ ಒಂದು ಹೂಜಿ ತೂಗುತ್ತಿದೆ. ಹೂಜಿಗೆ ಓರೆಯಾಗಿ ತೆರೆದ ಮುಚ್ಚಳವೂ ಇದೆ. ಕೊಳವೆಯ ತುದಿಯನ್ನು ಅವರು ಆ ಮುಚ್ಚಳದ ಒಳಮೈಗೆ ಮೆಲ್ಲಗೆ ತಾಗಿಸುತ್ತಾರೆ. ಅಲ್ಲಿ ಮಿನುಗುತ್ತಿದ್ದ ಹನಿ ತಾನಾಗಿಯೇ ಕೊಳವೆಯೊಳಗೆ ಏರುತ್ತದೆ.

‘ಮಾತಾಡಿ, ಪರವಾಗಿಲ್ಲ. ಆದ್ರೆ ಈ ಕಡೆ ಉಸಿರು ಬಿಡಬೇಡಿ,’ ಎನ್ನುತ್ತಾರೆ, ತಿರುಗಿಯೂ ನೋಡದೆ. ‘ಉಸಿರು ತಾಗಿದ್ರೆ ಹನಿ ಅಲ್ಲಾಡುತ್ತೆ, ಅಲ್ಲಾಡಿದ್ರೆ ಹೂಜಿ ಒಳಗೇ ಬೀಳುತ್ತೆ. ಆಮೇಲೆ ಲ್ಯಾಬಿಗೆ ನಾನು ಏನು ಕೊಡ್ಲಿ?’

ಉದ್ಯಾನದಲ್ಲಿ ಇವರನ್ನು ಎಲ್ಲರೂ ತುಂತುರಕ್ಕ ಎಂದೇ ಕರೆಯುತ್ತಾರೆ. ನೀರು ಚಿಮ್ಮುವ ಕೈಪಂಪು ಹೆಗಲಿನಿಂದ ಇಳಿದದ್ದನ್ನು ವರ್ಷಗಟ್ಟಲೆ ಯಾರೂ ನೋಡಿರಲಿಲ್ಲವಂತೆ, ಅದಕ್ಕೆ ಆ ಹೆಸರು. ಗಾಜಿನ ಮನೆಯ ಬಾಗಿಲಲ್ಲಿ ತೂಗುಹಾಕಿದ ಫಲಕದಲ್ಲಿ ಗಿಡಗಳ ಹೆಸರಿದೆ, ದಾನ ಕೊಟ್ಟವರ ಹೆಸರಿದೆ, ಉದ್ಘಾಟಿಸಿದವರ ಹೆಸರಂತೂ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದೆ. ಗಿಡಗಳನ್ನು ಬದುಕಿಸಿಟ್ಟವರ ಹೆಸರು ಮಾತ್ರ ಇಲ್ಲ. ಕೇಳಿದರೆ ತುಂತುರಕ್ಕನಿಗೆ ನಗು ಬರುತ್ತದೆ. ‘ನನ್ನ ಹೆಸರು ಓದಿ ಯಾರಿಗೆ ಏನಾಗಬೇಕು? ಬಂದೋರು ಹೂಜಿ ನೋಡ್ಲಿ.’

ಹೂಜಿ ಗಿಡವನ್ನು ನೋಡದವರಿಗೆ ಒಂದು ಮಾತು. ಇದು ಹುಟ್ಟುವುದೇ ಸತ್ವವಿಲ್ಲದ ಮಣ್ಣಿನಲ್ಲಿ. ಬೇರಿಗೆ ಸಿಗದ ಪೋಷಣೆಯನ್ನು ಎಲೆಯಿಂದ ಸಂಪಾದಿಸುವ ಹಂಚಿಕೆ ಇದರದ್ದು. ಎಲೆಯ ತುದಿ ಉಬ್ಬಿ ಹೂಜಿಯಾಗುತ್ತದೆ, ತಳದಲ್ಲಿ ಜೀರ್ಣಿಸುವ ರಸ ತುಂಬಿಕೊಳ್ಳುತ್ತದೆ, ಬಾಯಿಯ ಸುತ್ತ ಹೊಳಪಿನ ತುಟಿ ಮೂಡುತ್ತದೆ. ತುಟಿಯ ಅಂಚಿನಲ್ಲೂ ಮುಚ್ಚಳದ ಅಡಿಯಲ್ಲೂ ಮಕರಂದ ಒಸರುತ್ತದೆ. ಹೂವಿನ ಮಕರಂದಕ್ಕೆ ಬಂದ ದುಂಬಿ ಕೆಲಸ ಮುಗಿಸಿ ಹಾರಿಹೋಗುತ್ತದೆ. ಈ ಮಕರಂದಕ್ಕೆ ಬಂದ ಇರುವೆಯ ಕಥೆ ಬೇರೆ. ತುಟಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ, ಅವುಗಳಲ್ಲಿ ನೀರು ಹರಡಿಕೊಂಡರೆ ಇರುವೆಯ ಕಾಲು ನಿಲ್ಲದು. ಜಾರಿತೋ, ಸೀದಾ ರಸದ ಮಡುವಿಗೆ.

ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಬೆರಳು ಹಾಕಿದರೆ ಕಚ್ಚುತ್ತದೆಯೇ? ‘ಅದಕ್ಕೆ ಕಚ್ಚೋ ಹಲ್ಲೂ ಇಲ್ಲ, ಆತುರವೂ ಇಲ್ಲ. ಬಾಯಿ ತೆಗೆದು ಕೂತಿರುತ್ತೆ ಅಷ್ಟೇ, ನಮ್ಮೋರ ಥರ,’ ಎನ್ನುತ್ತಾರೆ ತುಂತುರಕ್ಕ. ‘ನಮ್ಮೋರು’ ಅಂದರೆ ಅವರ ಯಜಮಾನರು, ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ದರ್ಜಿ. ಹೂಜಿಗಳ ಬಾಯಿಗೆ ಕಟ್ಟುವ ತೆಳುಬಟ್ಟೆಯ ಚೀಲಗಳನ್ನು ಮಿಕ್ಕ ತುಂಡುಗಳಲ್ಲಿ ಹೊಲಿದು ಕೊಡುವವರು ಅವರೇ. ಹಿಂದಿನ ದಿನ ಸಂಜೆ ಆ ಚೀಲ ಕಟ್ಟಿದರೆ ರಾತ್ರಿ ಒಸರಿದ ಮಕರಂದವನ್ನು ಯಾವ ಹುಳವೂ ಮುಟ್ಟದು, ಬೆಳಿಗ್ಗೆಗೆ ಶುದ್ಧವಾಗಿ ಸಿಗುತ್ತದೆ.

ಆ ಮಕರಂದವೇ ಇವರ ನಸುಕಿನ ಕೆಲಸ. ಒಂದೊಂದು ಹೂಜಿಯಿಂದ ಒಂದೆರಡು ಹನಿ. ಬೆಂಚು ಬೆಂಚು ಸುತ್ತಿ ಮೂವತ್ತು ನಲವತ್ತು ಹೂಜಿ ಮುಗಿಸಿದರೂ ಎಲ್ಲ ಸೇರಿ ಟೀ ಚಮಚದ ತಳ ಮುಚ್ಚುವುದಿಲ್ಲ. ಪ್ರತಿ ಕೊಳವೆಯನ್ನೂ ಗಿಡದ ಗುರುತು ಅಂಟಿಸಿ ಐಸು ತುಂಬಿದ ಡಬ್ಬದಲ್ಲಿಟ್ಟು, ಪಕ್ಕದ ಕಟ್ಟಡದ ಲ್ಯಾಬಿಗೆ ಒಪ್ಪಿಸಬೇಕು. ಅಲ್ಲಿ ರಸಾಯನಶಾಸ್ತ್ರದ ಸಂಶೋಧಕಿಯೊಬ್ಬರಿದ್ದಾರೆ. ಯಾವ ಹನಿಯಲ್ಲಿ ಯಾವ ಸಕ್ಕರೆ ಎಷ್ಟಿದೆ, ಯಾವ ಪರಿಮಳ ಇರುವೆಯನ್ನು ಎಳೆಯುತ್ತದೆ, ಯಾವುದು ನೊಣವನ್ನು ಎಳೆಯುತ್ತದೆ ಎಂದು ಅವರು ಪತ್ತೆ ಹಚ್ಚುತ್ತಾರೆ. ತುಂತುರಕ್ಕನಿಗೆ ಅವರು ಮೇಡಂ. ಮೇಡಂಗೆ ಇವರು ಅಕ್ಕ.

ಅಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಹೊರಗಿನ ದಾರಿಗಳ ತರಗೆಲೆ ಬಳಿಯುತ್ತಿದ್ದ ಹುಡುಗಿ, ಚಳಿಯ ದಿನಗಳಲ್ಲಿ ಬೆಚ್ಚಗಿರುತ್ತದೆಂದು ಗಾಜಿನ ಮನೆಯ ಗೋಡೆಗೆ ಆತು ನಿಲ್ಲುತ್ತಿದ್ದಳು. ಒಳಗಿನ ಹಳೆಯ ಮಾಲಿ ಒಂದು ದಿನ ಕರೆದು ಕೈಗೆ ಕೈಪಂಪು ಕೊಟ್ಟರು. ಆವತ್ತಿನಿಂದ ಗಾಜಿನೊಳಗೇ ತಲೆ ನರೆತಿದೆ. ವರ್ಷವಿಡೀ ಸೆಖೆಯಲ್ಲಿ ನಿಂತು ಉಸಿರಾಟಕ್ಕೆ ತೊಂದರೆಯಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಬೆರಳ ಸಂದಿಯ ಚರ್ಮ ಬಿಳಿಚಿ ಸುಕ್ಕಾಗಿದೆ. ಒಮ್ಮೆ ಏಣಿ ಜಾರಿ ಬಿದ್ದು ಎರಡು ತಿಂಗಳು ಮನೆಯಲ್ಲಿ ಕೂತಿದ್ದೂ ಉಂಟು. ‘ಆ ಎರಡು ತಿಂಗಳಲ್ಲಿ ನನಗೆ ಹಿಡಿದ ಹುಚ್ಚು ನಿಮಗೆ ಹೇಳಿದ್ರೆ ಗೊತ್ತಾಗಲ್ಲ,’ ಎನ್ನುತ್ತಾರೆ. ‘ಮನೇಲಿದ್ದ ತುಳಸಿಗೇ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿ ಕೊಳೆಸಿಬಿಟ್ಟೆ.’

ತಮಾಷೆಗೆ ಹೇಳಿದರೂ ಈ ಮಾತಿನಲ್ಲಿ ಅವರ ಬದುಕಿನ ದೊಡ್ಡ ಸಂಕಟವೊಂದು ಅಡಗಿದೆ. ಅದು ಶುರುವಾದದ್ದು ಗಾಜಿನ ಮನೆಯ ಮೂಡಣ ಮೂಲೆಯ ಒಂದು ಗಿಡದಿಂದ.

ಆ ಗಿಡದ ಅಡ್ಡಹೆಸರು ಉಪವಾಸಿ. ಹೆಸರಿಟ್ಟವರು ಗೊಬ್ಬರದಣ್ಣ, ಅಂದರೆ ಒಣ ಗಿಡ, ಕೊಳೆತ ಎಲೆಗಳನ್ನು ಕೈಗಾಡಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಸಾಗಿಸುವ ಕೆಲಸಗಾರ. ಹೂಜಿ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಉಪವಾಸಿಯ ಜಾತಿಯಲ್ಲಿ ಇಲ್ಲಿರುವುದು ಒಂದೇ ಹೆಣ್ಣು, ಹೆಣ್ಣು ಗಿಡವೊಂದರ ಕಡ್ಡಿ ನೆಟ್ಟು ಬೆಳೆಸಿದ ಇದು. ಆಚೆ ಬೆಂಚಿನಲ್ಲಿ ಒಂದು ಗಂಡು ಗಿಡ ದಷ್ಟಪುಷ್ಟವಾಗಿ ಬೆಳೆದು ಸಮಯ ಬಂದಾಗಲೆಲ್ಲ ಹೂ ಬಿಡುತ್ತದೆ. ಹೆಣ್ಣು ಮಾತ್ರ ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಹೂಜಿಗಳು ಮೂಡುತ್ತಿದ್ದವು, ಅಂದವಾಗಿಯೂ ಇರುತ್ತಿದ್ದವು, ಒಳಗೆ ಬೀಳುವವರೇ ಇರಲಿಲ್ಲ. ತಿಂಗಳಲ್ಲಿ ಒಂದೆರಡು ಇರುವೆ ಬಿದ್ದರೆ ಅದೇ ಹಬ್ಬ. ಹೊಸ ಎಲೆಗಳು ಹಳದಿಗೆ ತಿರುಗಿದವು, ಹೂಜಿಗಳು ವರ್ಷದಿಂದ ವರ್ಷಕ್ಕೆ ಕಿರಿದಾದವು.

ಬೇರಿಗೆ ಗೊಬ್ಬರ ಹಾಕುವಂತಿಲ್ಲ, ಸತ್ವ ಹೆಚ್ಚಾದರೆ ಇದರ ಬೇರು ಸುಟ್ಟುಹೋಗುತ್ತದೆ. ಒಣಗಿಸಿದ ಹುಳಗಳನ್ನು ಕೈಯಾರೆ ಹೂಜಿಗೆ ಹಾಕಿ ನೋಡಿದ್ದೂ ಆಯಿತು. ಪ್ರೀತಿ ಹೆಚ್ಚಾಗಿ ಒಂದೆರಡು ಹೂಜಿಗೆ ಜಾಸ್ತಿ ಬಿದ್ದುಬಿಟ್ಟಿತು. ಜೀರ್ಣವಾಗದೆ ಹೂಜಿಯೇ ಕೊಳೆತು, ನೋಡಲು ಬಂದವರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ಗಾಜಿನ ಮನೆಯ ಸೂಪರಿಂಟೆಂಡೆಂಟ್ ಕೆಟ್ಟ ಮನುಷ್ಯರೇನಲ್ಲ. ಆದರೆ ಅವರಿಗೂ ಮೇಲಿನವರಿದ್ದಾರೆ, ಮೂಡಣ ಮೂಲೆಯೋ ಬೆಳಕು ಚೆನ್ನಾಗಿ ಬೀಳುವ ಜಾಗ. ಆರ್ಕಿಡ್ ಗಿಡಗಳ ಹೊಸ ತಂಡವೊಂದು ಬರುವುದಿತ್ತು. ಅದು ಬರುವ ಹೊತ್ತಿಗೆ ಉಪವಾಸಿ ಚೇತರಿಸಿಕೊಂಡರೆ ಸರಿ, ಇಲ್ಲವಾದರೆ ಜಾಗ ಖಾಲಿ ಮಾಡಬೇಕು ಎಂದು ಅವರು ಹೇಳಿದರು. ಮುಂದಿನ ಮಾತು ಹೇಳದೆ ಗೊಬ್ಬರದಣ್ಣನ ಕೈಗಾಡಿಯ ಕಡೆ ನೋಡಿದರು.

ಹಳೆಯ ಮಾಲಿ ಈ ಗಿಡವನ್ನು ಬೊಗಸೆಯಷ್ಟಿದ್ದಾಗ ತುಂತುರಕ್ಕನ ಕೈಗೆ ಕೊಟ್ಟು ಹೋದದ್ದು. ‘ಇದೊಂದನ್ನ ಹೂ ಬಿಡಿಸಮ್ಮ,’ ಎಂದಿದ್ದರಂತೆ. ಅವರು ಈಗಿಲ್ಲ. ಗಿಡ ಗುಂಡಿಗೆ ಹೋದರೆ ಆ ಜಾತಿಯ ಬೀಜ ಈ ಗಾಜಿನ ಮನೆಯಲ್ಲಿ ಇನ್ನು ಎಂದೂ ಕಟ್ಟುವುದಿಲ್ಲ. ‘ಮಕ್ಕಳು ಉಣ್ಣಲ್ಲ ಅಂತ ಹಟ ಮಾಡಿದ್ರೆ ಬೈಬಹುದು. ಇದು ಬಾಯಿ ತೆಕ್ಕೊಂಡೇ ಕೂತಿದೆ, ತುತ್ತು ಬರ್ತಿಲ್ಲ. ಯಾರನ್ನ ಬೈಲಿ?’ ಎಂದು ಆಗೆಲ್ಲ ಕೇಳುತ್ತಿದ್ದರಂತೆ.

ಗಿಡ ಕೈಗೆ ಬಂದಾಗಿನಿಂದಲೂ ಅವರು ತಮಗೆ ತಿಳಿದದ್ದನ್ನೇ ಮಾಡುತ್ತಾ ಬಂದಿದ್ದರು. ತುಟಿ ಒದ್ದೆಯಿದ್ದಷ್ಟೂ ಜಾರುತ್ತದೆ, ಜಾರಿದಷ್ಟೂ ಇರುವೆ ಬೀಳುತ್ತದೆ, ಇದು ಎಲ್ಲರಿಗೂ ಒಪ್ಪಿಗೆಯಾಗುವ ಲೆಕ್ಕ. ಚಾವಣಿಗೆ ಕಟ್ಟಿದ ಪೈಪುಗಳಿಂದ ಮಂಜು ಚಿಮ್ಮುವ ನಾಜಲ್‌ಗಳು ಹೇಗೂ ಇದ್ದವು. ಅವುಗಳಲ್ಲಿ ಒಂದನ್ನು ನೇರ ಉಪವಾಸಿಯ ಕಡೆ ತಿರುಗಿಸಿದರು. ಅದು ಸಾಲದೆಂದು ಮಧ್ಯಾಹ್ನದ ಬಿಸಿಲಿನಲ್ಲಿ ತಾವೇ ಕೈಪಂಪು ಹಿಡಿದು ಒಂದೊಂದು ಹೂಜಿಯ ತುಟಿಯನ್ನೂ ತೋಯಿಸಿದರು. ಗಾಜಿನ ಮನೆಯಲ್ಲಿ ಅಷ್ಟು ಆರೈಕೆ ಬೇರೆ ಯಾವ ಗಿಡಕ್ಕೂ ಸಿಕ್ಕಿರಲಿಲ್ಲ. ಮೇಲ್ವಿಚಾರಣೆಗೆ ಬಂದವರು ಬೆನ್ನು ತಟ್ಟಿದ್ದೂ ಆಯಿತು. ಗಿಡ ಮಾತ್ರ ಬಡಕಲಾಗುತ್ತಲೇ ಹೋಯಿತು.

ಮೇಡಂ ಬೇರೆ ಜಾಡು ಹಿಡಿದಿದ್ದರು. ಅವರ ಅನುಮಾನವೆಲ್ಲ ಮಕರಂದದ ಮೇಲೆ. ಈ ಗಿಡದ ಹನಿಯಲ್ಲಿ ಯಾವುದೋ ಸಕ್ಕರೆ ಕಡಿಮೆಯಿರಬೇಕು, ಇಲ್ಲವೇ ಇರುವೆಗೆ ಹಿಡಿಸದ ಕಹಿ ಅಂಶವೊಂದು ಸೇರಿರಬೇಕು. ಅದಕ್ಕಾಗಿಯೇ ಉಪವಾಸಿಯ ಹನಿಗಳನ್ನು ಬೇರೆಯಾಗಿ ತರಿಸಿಕೊಂಡು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದರು. ಫಲಿತಾಂಶ ಬಂದ ದಿನ ಅವರೇ ಗಾಜಿನ ಮನೆಗೆ ಓಡಿಬಂದರು.

‘ಅಕ್ಕ, ನಿಮ್ಮ ಉಪವಾಸಿಯ ಮಕರಂದ ಇಲ್ಲಿರೋ ಎಲ್ಲಾ ಗಿಡಗಳಿಗಿಂತ ರುಚಿ. ಪರಿಮಳಕ್ಕೂ ಏನೂ ಕೊರತೆಯಿಲ್ಲ. ಏನೂ ದೋಷ ಕಾಣ್ತಿಲ್ಲ.’

‘ಹಾಗಾದ್ರೆ ಇರುವೆಗೆ ಏನು ಬಂದಿದೆ ರೋಗ?’

ರೋಗವೇನೂ ಬಂದಿರಲಿಲ್ಲ. ಇಬ್ಬರೂ ಸೇರಿ ಒಂದು ಗಾಜಿನ ಪಟ್ಟಿಯ ಮೇಲೆ ಉಪವಾಸಿಯ ಹನಿಯಿಟ್ಟು ಅದೇ ಬೆಂಚಿನ ಮೂಲೆಯಲ್ಲಿ ಇರಿಸಿದರು. ನೋಡನೋಡುತ್ತಿದ್ದಂತೆ ಒಂದು ಇರುವೆ ಬಂತು. ಕುಡಿದು ಹೋಯಿತು. ಸ್ವಲ್ಪ ಹೊತ್ತಿಗೆ ಸಾಲೇ ಬಂದು ಪಟ್ಟಿ ಕಪ್ಪಾಯಿತು. ಅದೇ ಹನಿ, ಅದೇ ಇರುವೆ. ಒಂದು ಮೊಳ ಮೇಲೆ ತೂಗುವ ಹೂಜಿಯ ಕಡೆ ಮಾತ್ರ ಒಂದೂ ತಲೆ ಹಾಕಲಿಲ್ಲ. ಮೇಡಂ ಕುರ್ಚಿ ಎಳೆದುಕೊಂಡು ಕೂತು ತಲೆ ಕೆರೆದುಕೊಂಡರು. ಅಕ್ಕ ಅಭ್ಯಾಸಬಲದಿಂದ ಕೈಪಂಪು ಎತ್ತಿ ಹೂಜಿಗಳಿಗೆ ಇನ್ನೊಂದು ಸುತ್ತು ನೀರು ಹೊಡೆದರು.

ಉತ್ತರ ಸಿಕ್ಕಿದ್ದು ಲ್ಯಾಬಿನಲ್ಲೂ ಅಲ್ಲ, ಗಾಜಿನ ಮನೆಯಲ್ಲೂ ಅಲ್ಲ. ತುಂತುರಕ್ಕನ ಮನೆಯ ಅಡುಗೆಕೋಣೆಯಲ್ಲಿ, ಒಂದು ರಜೆಯ ದಿನದ ಬೆಳಗಿನ ಕಾಫಿಯ ಹೊತ್ತಿನಲ್ಲಿ.

ಎರಡು ಕೋಣೆಯ ಮನೆ. ಒಂದರಲ್ಲಿ ಯಜಮಾನರ ಹಳೆಯ ಹೊಲಿಗೆ ಮಷೀನು, ಬಟ್ಟೆಯ ಗಂಟುಗಳು, ಕಿಟಕಿಯ ಪಕ್ಕ ಅತ್ತೆಯ ಮಂಚ. ಇನ್ನೊಂದು ಅಡುಗೆಗೂ ಊಟಕ್ಕೂ. ಇರುವೆಗಳನ್ನು ಕಂಡರೆ ಅತ್ತೆಗೆ ಎಲ್ಲಿಲ್ಲದ ಕೋಪ. ಸೊಸೆ ಉದ್ಯಾನದಲ್ಲಿ ಇರುವೆಗಳನ್ನು ಬನ್ನಿ ಬನ್ನಿ ಎಂದು ಕರೆಯುವವಳು, ಅತ್ತೆ ಮನೆಯಲ್ಲಿ ಅವನ್ನು ಹೊಸ್ತಿಲಾಚೆ ಅಟ್ಟುವವರು. ‘ಒಂದೇ ಮನೇಲಿ ಎರಡು ಪಕ್ಷ, ಮಧ್ಯೆ ನಾನು,’ ಎಂದು ಯಜಮಾನರು ಮಷೀನು ತುಳಿಯುತ್ತಲೇ ಕಾಲೆಳೆಯುತ್ತಾರೆ. ಸಕ್ಕರೆ ಡಬ್ಬಿಗೆ ಅತ್ತೆ ಮಾಡಿದ ಏರ್ಪಾಡು ಹಳೆಯದು, ಎಲ್ಲರಿಗೂ ಗೊತ್ತಿರುವುದು. ಒಂದು ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಡಬ್ಬಿ ಇಡುವುದು. ನೀರು ದಾಟಲಾರದೆ ಇರುವೆ ದೂರ ಉಳಿಯುತ್ತದೆ.

ಹಿಂದಿನ ದಿನ ತಟ್ಟೆಗೆ ನೀರು ಹಾಕುವುದು ಮರೆತುಹೋಗಿತ್ತು. ಡಬ್ಬಿ ತೆಗೆದು ನೋಡಿದರೆ ಸಕ್ಕರೆಗಿಂತ ಇರುವೆಯೇ ಜಾಸ್ತಿ. ಅತ್ತೆಯ ಬಾಯಿ ಶುರುವಾಯಿತು.

‘ನೀರಿದ್ದಷ್ಟು ದಿನ ಎಲ್ಲೋ ಒಂದು ಬಂದು ಮುಳುಗಿ ಸಾಯ್ತಿತ್ತು, ಅಷ್ಟೇ. ಅದು ವಾಪಸ್ ಹೋಗಿ ಸುದ್ದಿ ಹೇಳಿದ್ರೆ ತಾನೇ ಬೇರೆಯವು ಬರೋದು? ನಿನ್ನೆ ಯಾವುದೋ ಒಂದು ಒಣ ತಟ್ಟೆ ದಾಟಿ ತಿಂದ್ಕೊಂಡು ಹೋಗಿದೆ. ಇವತ್ತು ನೋಡು, ಬೀಗರ ಸಮೇತ ಬಂದಿದಾವೆ!’

ತುಂತುರಕ್ಕನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಸಕ್ಕರೆಯನ್ನು ಇರುವೆಯಿಂದ ಕಾಪಾಡಬೇಕಾದರೆ ಸುತ್ತ ನೀರಿಡಬೇಕು. ಅದು ತಮಗೆ ಮದುವೆಯಾಗಿ ಬಂದ ದಿನದಿಂದ ಗೊತ್ತು. ಹಾಗಿದ್ದರೆ ಇಷ್ಟು ವರ್ಷ ಗಾಜಿನ ಮನೆಯಲ್ಲಿ ತಾವು ಮಾಡಿದ್ದೇನು? ‘ನನ್ನ ಕೈಯಾರೆ ಅದರ ಬಾಯಿ ಸುತ್ತ ತಟ್ಟೆ ನೀರು ಇಟ್ಟಿದ್ದೆ,’ ಎನ್ನುತ್ತಾರೆ. ‘ಅಳೋದೋ ನಗೋದೋ ಗೊತ್ತಾಗ್ಲಿಲ್ಲ. ಅತ್ತೆ ಬೈತಾನೇ ಇದ್ರು. ನಾನು ಅವರ ಕೈ ಹಿಡ್ಕೊಂಡು ಇನ್ನೊಂದ್ಸಲ ಹೇಳಿ ಅಂದೆ. ಸೊಸೆಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು.’

ರಜೆಯನ್ನೂ ಲೆಕ್ಕಿಸದೆ ಅವರು ಉದ್ಯಾನಕ್ಕೆ ಹೋದರು. ಮೇಡಂ ಲ್ಯಾಬಿನಲ್ಲೇ ಇದ್ದರು. ತಟ್ಟೆ, ನೀರು, ಸಕ್ಕರೆ, ಅತ್ತೆಯ ಬೈಗುಳ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದರು. ಮೇಡಂ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಇರುವೆಗಳು ಆಹಾರ ಹುಡುಕಲು ಮೊದಲು ಒಂದೆರಡು ಬೇಹಿನವರನ್ನು ಕಳಿಸುತ್ತವೆ. ತಿರುಗಿಬಂದ ಬೇಹಿನ ಇರುವೆ ದಾರಿಯುದ್ದಕ್ಕೂ ವಾಸನೆಯ ಜಾಡು ಬಿಡುತ್ತಾ ಬರುತ್ತದೆ. ಆ ಜಾಡು ಹಿಡಿದೇ ಮಿಕ್ಕವು ಹೊರಡುವುದು. ಸದಾ ಒದ್ದೆಯಿರುವ ತುಟಿಯಲ್ಲಿ ಬೇಹಿನ ಇರುವೆಯೇ ಜಾರಿ ಬಿದ್ದರೆ ಸುದ್ದಿ ಮುಟ್ಟಿಸುವವರು ಯಾರು? ಕಾಡಿನಲ್ಲಾದರೆ ಬಿಸಿಲೇರಿದಾಗ ತುಟಿ ಒಣಗುತ್ತದೆ, ಬಂದವರು ಸುಖವಾಗಿ ಕುಡಿದು ಮರಳುತ್ತಾರೆ. ಸಂಜೆಯ ತಂಪಿಗೆ, ಮಳೆಗೆ ಅದೇ ತುಟಿ ಮತ್ತೆ ತೇವವಾಗುತ್ತದೆ. ಅಷ್ಟು ಹೊತ್ತಿಗೆ ಸಾಲು ಕಟ್ಟಿ ಬಂದವುಗಳಲ್ಲಿ ಒಂದಿಷ್ಟು ಜಾರುತ್ತವೆ.

‘ಅಕ್ಕ, ನಾನು ಹನಿಯೊಳಗೆ ಏನಿದೆ ಅಂತ ನೋಡ್ತಿದ್ದೆ, ನೀವು ತುಟಿ ಒದ್ದೆಯಿದೆಯಾ ಅಂತ ನೋಡ್ತಿದ್ರಿ,’ ಎಂದು ಮೇಡಂ ತಲೆ ಮೇಲೆ ಕೈ ಹೊತ್ತರು. ‘ಬಂದ ಇರುವೆ ವಾಪಸ್ ಹೋಯ್ತಾ ಅಂತ ಇಬ್ರೂ ನೋಡ್ಲಿಲ್ಲ.’

ಸೂಪರಿಂಟೆಂಡೆಂಟರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಹಿಂದೊಮ್ಮೆ ಯಾರೋ ನೀರಿನ ಕವಾಟ ಮುಚ್ಚಿ ಮರೆತು, ಒಂದಿಡೀ ಬೆಂಚಿನ ಹೂಜಿಗಳು ಒಣಗಿ ಕಾಗದದಂತಾಗಿದ್ದವು. ಆಗ ಮೇಲಿನವರಿಂದ ಉಗಿಸಿಕೊಂಡವರು ಅವರೇ. ಗಾಳಿಯ ತೇವ ಇಳಿದರೆ ಹೂಜಿ ಮೂಡುವುದೇ ಇಲ್ಲ ಎಂಬುದೂ ಸುಳ್ಳಲ್ಲ. ಆದರೂ ಕೊನೆಗೆ, ನೆಲಕ್ಕೆ ನೀರು ಹಾಕಿ ಗಾಳಿಯನ್ನು ತೇವವಾಗಿಡುವುದು, ಉಪವಾಸಿಯ ಕಡೆಗಿನ ನಾಜಲ್ ಮಾತ್ರ ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ಮುಚ್ಚುವುದು ಎಂದು ದಾರಿ ತೋರಿಸಿದವರೂ ಅವರೇ. ‘ಒಂದೇ ಗಿಡಕ್ಕೆ. ಆರ್ಕಿಡ್ ಬರೋ ತನಕ. ಒಣಗಿದ್ರೆ ನನ್ನ ಹತ್ರ ಅಳ್ತಾ ಬರಬೇಡಿ,’ ಎಂದರು.

ನಾಜಲ್ ಮುಚ್ಚುವುದು ಒಂದು ತಿರುಪಿನ ಕೆಲಸ. ಕಷ್ಟವಾದದ್ದು ಕೈಪಂಪು ಕೆಳಗಿಡುವುದು. ಮಧ್ಯಾಹ್ನವಾದರೆ ಸಾಕು, ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ಒಣಗಿದ ತುಟಿ ನೋಡಿದರೆ ತಮ್ಮ ಗಂಟಲೇ ಒಣಗಿದ ಹಾಗಾಗುತ್ತಿತ್ತಂತೆ. ಮೊದಲ ಕೆಲವು ದಿನ ಏನೂ ನಡೆಯಲಿಲ್ಲ. ಒಂದು ಹೂಜಿಯ ಮುಚ್ಚಳದ ಅಂಚು ಕಂದಿತು. ಗೊಬ್ಬರದಣ್ಣ ಕೈಗಾಡಿ ತಳ್ಳಿಕೊಂಡು ಬಂದು ನಿಂತು ನೋಡಿ, ಏನೂ ಅನ್ನದೆ ಹೋದರು. ಸದಾ ಚೇಷ್ಟೆ ಮಾಡುವವರು ಅಂದು ಸುಮ್ಮನಿದ್ದದ್ದೇ ತುಂತುರಕ್ಕನನ್ನು ಹೆಚ್ಚು ಹೆದರಿಸಿತು.

ಆಮೇಲೆ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ, ಬಳ್ಳಿಯ ಮೇಲೆ ಒಂದು ಇರುವೆ ಕಾಣಿಸಿತು. ಹೂಜಿಯ ಹೊಟ್ಟೆ ಹತ್ತಿ, ತುಟಿಯ ಮೇಲೆ ಒಂದು ಸುತ್ತು ನಡೆದು, ಮುಚ್ಚಳದ ಅಡಿಗೆ ತಲೆಕೆಳಗಾಗಿ ಜೋತುಕೊಂಡು ಕುಡಿಯತೊಡಗಿತು. ಮೇಡಂ, ತುಂತುರಕ್ಕ, ಗೊಬ್ಬರದಣ್ಣ, ಮೂವರೂ ಉಸಿರು ಬಿಗಿಹಿಡಿದು ನಿಂತರು. ಹೊಟ್ಟೆ ತುಂಬಿದ ಇರುವೆ ತುಟಿಗೆ ಇಳಿಯಿತು. ಕಾಲು ಜಾರಲಿಲ್ಲ. ನಿಧಾನಕ್ಕೆ ಬಂದ ದಾರಿಯಲ್ಲೇ ಹೊರಟಿತು.

‘ಅಯ್ಯೋ, ಬಾಯಿಗೆ ಬಂದ ತುತ್ತು ಹೋಗ್ತಿದೆ! ತಳ್ಳಿಬಿಡಿ ಅಕ್ಕ, ಒಂದು ಬೆರಳು ಸಾಕು!’ ಗೊಬ್ಬರದಣ್ಣನಿಗೆ ತಡೆಯಲಾಗಲಿಲ್ಲ.

‘ಮುಟ್ಟಿದ್ರೆ ನಿಮ್ಮನ್ನೇ ಗುಂಡಿಗೆ ಹಾಕ್ತೀನಿ,’ ಎಂದರಂತೆ ತುಂತುರಕ್ಕ. ಆ ಗಳಿಗೆಯನ್ನು ನೆನೆದು ಈಗ ನಗುತ್ತಾರೆ. ‘ನನಗೂ ತಳ್ಳಬೇಕು ಅನ್ನಿಸಿತ್ತು. ಸುಳ್ಳು ಯಾಕೆ ಹೇಳ್ಲಿ? ವರ್ಷಗಳಿಂದ ಹಸಿದಿರೋ ಗಿಡ. ಎದುರಿಗೇ ಬಂದ ಊಟ ಕೈಬೀಸಿಕೊಂಡು ಹೋಗೋದನ್ನ ನೋಡೋದಕ್ಕೆ ಎದೆ ಗಟ್ಟಿ ಬೇಕು. ಸೀರೆ ಸೆರಗಲ್ಲಿ ಎರಡೂ ಕೈ ಸುತ್ತಿಕೊಂಡು ನಿಂತೆ.’

ಇರುವೆ ಬೆಂಚಿನ ಕಾಲಿಳಿದು ಗೋಡೆಯ ಬಿರುಕಿನಲ್ಲಿ ಮರೆಯಾಯಿತು. ಹೊತ್ತು ಕಳೆಯಿತು. ಮತ್ತೆ ಬಿರುಕಿನಿಂದ ಎರಡು ಮೂರು ಹೊರಬಂದವು, ಅವುಗಳ ಹಿಂದೆ ಇನ್ನಷ್ಟು. ಬಿಸಿಲು ಇಳಿಯುವ ಮುಂಚೆ ಬೆಂಚಿನ ಕಾಲಿನಿಂದ ಹೂಜಿಯ ತುಟಿಯವರೆಗೆ ಕಪ್ಪು ದಾರ ಎಳೆದಂತೆ ಸಾಲು ಕಟ್ಟಿತು. ಇಳಿಹೊತ್ತಿಗೆ ತುಂತುರಕ್ಕ ನಾಜಲ್ ತೆರೆದರು. ಮಂಜು ತೆಳ್ಳಗೆ ಇಳಿದು ತುಟಿಗಳ ಮೇಲೆ ಕೂತಿತು. ಸಾಲಿನಲ್ಲಿದ್ದ ಕೆಲವು ಒಂದರ ಹಿಂದೊಂದು ಜಾರಿದವು. ಮೇಡಂ ಹೂಜಿಯೊಳಗೆ ಟಾರ್ಚು ಹಾಕಿ ನೋಡಿ, ಸಂಶೋಧಕಿಯ ಗಾಂಭೀರ್ಯ ಬಿಟ್ಟು ಕೇಕೆ ಹೊಡೆದರು.

ಖುಷಿಯ ಜೊತೆಗೆ ಒಂದು ಚುಚ್ಚು ಉಳಿಯಿತು ಎಂದು ತುಂತುರಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ‘ಊಟಕ್ಕೆ ಅಂತ ಕರೆದು ಬಾವಿಗೆ ನೂಕಿದ ಹಾಗಾಯ್ತಲ್ಲ ಅನ್ನಿಸ್ತು. ಆ ರಾತ್ರಿ ಊಟ ಸೇರಲಿಲ್ಲ.’ ಮೇಡಂ ಸಮಾಧಾನ ಹೇಳಿದ್ದು ಹೀಗೆ. ಜಾರುವವು ಕೆಲವು, ಕುಡಿದು ಗೂಡಿಗೆ ಸಿಹಿ ಒಯ್ಯುವವು ಅದರ ಎಷ್ಟೋ ಪಟ್ಟು. ಕಳೆದುಕೊಂಡದ್ದಕ್ಕಿಂತ ಪಡೆದದ್ದೇ ಗೂಡಿಗೆ ಹೆಚ್ಚಿರಬಹುದು, ಇಲ್ಲದಿದ್ದರೆ ಇರುವೆಗಳು ಆ ಜಾಡನ್ನೇ ಬಿಟ್ಟುಬಿಡುತ್ತಿದ್ದವು. ಇದು ಇನ್ನೂ ಪೂರ್ತಿ ಇತ್ಯರ್ಥವಾಗದ ಪ್ರಶ್ನೆ ಎಂದೂ ಅವರು ಸೇರಿಸುತ್ತಾರೆ, ಈಗ ಅದರದ್ದೇ ಬೆನ್ನು ಹತ್ತಿದ್ದಾರೆ. ಅತ್ತೆಗೆ ಮಾತ್ರ ಯಾವ ಗೊಂದಲವೂ ಇಲ್ಲ. ‘ಬೀಳಲಿ ಬಿಡು. ನನ್ನ ಸಕ್ಕರೆ ತಿಂದದ್ದಕ್ಕೆ ಯಾವತ್ತಾದ್ರೂ ಲೆಕ್ಕ ಕೊಟ್ಟಿದಾವಾ?’

ಆರ್ಕಿಡ್‌ಗಳು ಹೇಳಿದ್ದಕ್ಕಿಂತ ತಡವಾಗಿಯೇ ಬಂದವು. ಅಷ್ಟರಲ್ಲಿ ಉಪವಾಸಿಯ ನಡುವಿನಿಂದ ಎರಡು ಹೊಸ ಎಲೆ ಹೊಮ್ಮಿದ್ದವು, ಅಚ್ಚ ಹಸಿರು. ಸೂಪರಿಂಟೆಂಡೆಂಟ್ ಬಂದು ಕನ್ನಡಕ ಏರಿಸಿ ಎಲೆ ನೋಡಿದರು, ಇರುವೆ ಸಾಲು ನೋಡಿದರು. ಆರ್ಕಿಡ್ ಗಾಡಿಯವನಿಗೆ ಪಡುವಣ ಬೆಂಚಿನ ಕಡೆ ಕೈ ತೋರಿಸಿ ಹೊರಟುಹೋದರು. ಹೊಗಳಿಕೆಯೂ ಇಲ್ಲ, ಭಾಷಣವೂ ಇಲ್ಲ. ‘ಅವರ ಲೆಕ್ಕದಲ್ಲಿ ಅದು ಹಾರ ಹಾಕಿದ ಹಾಗೆ,’ ಎನ್ನುತ್ತಾರೆ ತುಂತುರಕ್ಕ. ಮುಂದಿನ ತಿಂಗಳೇ ಉಳಿದ ಬೆಂಚುಗಳ ನಾಜಲ್‌ಗಳಿಗೂ ಮಧ್ಯಾಹ್ನದ ಬಿಡುವು ಸಿಕ್ಕಿತು.

ಗಿಡ ಹೂ ಬಿಟ್ಟದ್ದು ಈ ವರ್ಷ. ಎಲೆಗಳ ನಡುವಿನಿಂದ ನೆಟ್ಟಗೆ ಒಂದು ಕಡ್ಡಿ ಎದ್ದು, ಅದರ ತುಂಬ ಹಸಿರು ಮಿಶ್ರಿತ ಕಂದು ಬಣ್ಣದ ಪುಟಾಣಿ ಹೂಗಳು. ನೋಡಲು ಏನೇನೂ ಅಂದವಿಲ್ಲ, ಬಂದವರು ತಿರುಗಿಯೂ ನೋಡುವುದಿಲ್ಲ. ಆಚೆ ಬೆಂಚಿನ ಗಂಡು ಗಿಡದ ಹೂವಿನಿಂದ ಪರಾಗವನ್ನು ಸಣ್ಣ ಕುಂಚದಲ್ಲಿ ತೆಗೆದು, ಒಂದೊಂದು ಹೂವಿಗೂ ಮುಟ್ಟಿಸಿದವರು ತುಂತುರಕ್ಕನೇ. ಈಗ ಕಾಯಿ ಕಟ್ಟಿದೆ. ಒಳಗಿನ ಬೀಜ ಬಲಿತಾಗ ಧೂಳಿನಷ್ಟು ಹಗುರವಂತೆ, ಒಡೆದ ದಿನ ಗಾಳಿಗೆ ಹಾರದಂತೆ ಕಟ್ಟಲು ಯಜಮಾನರು ಇನ್ನೊಂದು ಚೀಲ ಹೊಲಿಯುತ್ತಿದ್ದಾರೆ.

ಮುಂದಿನ ವರ್ಷ ತುಂತುರಕ್ಕ ನಿವೃತ್ತರಾಗುತ್ತಾರೆ. ಬಿತ್ತಿದ ಬೀಜ ಮೊಳೆತು, ನಿಜವಾದ ಹೂಜಿ ತೂಗುವ ಗಿಡವಾಗಲು ಎಷ್ಟೋ ವರ್ಷ ಬೇಕು. ಅದನ್ನು ನೋಡುವ ಆಸೆ ಅವರು ಇಟ್ಟುಕೊಂಡಿಲ್ಲ. ‘ಮೊಳಕೆ ನೋಡಿದ್ರೆ ಸಾಕು. ಹಸಿರು ಚುಕ್ಕಿ ಕಂಡ ದಿನ ಏಣಿ ಇಳಿದು ಮನೆಗೆ ಹೋಗ್ತೀನಿ,’ ಎನ್ನುತ್ತಾರೆ. ತಮ್ಮ ಜಾಗಕ್ಕೆ ಬರುವವರು ಯಾರೆಂದು ಇನ್ನೂ ಗೊತ್ತಿಲ್ಲ. ಯಾರೇ ಬಂದರೂ ಕೊಳವೆ ಹಿಡಿಯುವುದು ಆರು ತಿಂಗಳಲ್ಲಿ ಕಲಿಯಬಹುದು, ನೀರು ಹೊಡೆಯದೆ ಸುಮ್ಮನೆ ನಿಲ್ಲುವುದನ್ನು ಕಲಿಸುವುದೇ ಕಷ್ಟ ಎಂಬುದು ಅವರ ಚಿಂತೆ.

ಬಿಸಿಲು ನೆತ್ತಿಗೆ ಏರಿದೆ. ನಾಜಲ್‌ಗಳು ಸುಮ್ಮನಾಗಿವೆ, ತುಟಿಗಳು ಒಣಗಿವೆ, ಇರುವೆಗಳ ಸಾಲು ಹೋಗುತ್ತಿದೆ, ಬರುತ್ತಿದೆ. ಈ ಹೊತ್ತಿನಲ್ಲಿ ಗಾಜಿನ ಮನೆಯಲ್ಲಿ ಅವರಿಗೆ ಮಾಡಲು ಏನೂ ಕೆಲಸವಿಲ್ಲ. ಮೊದಮೊದಲು ಅದು ಬೇಜಾರು ತರಿಸುತ್ತಿತ್ತು, ಗಿಡಕ್ಕೆ ತಾವು ಬೇಡವಾದೆವೇನೋ ಎನ್ನಿಸುತ್ತಿತ್ತಂತೆ. ಈಗ ಮೂಡಣ ಮೂಲೆಯಲ್ಲಿ ಮೋಟು ಏಣಿಯ ಕೆಳಮೆಟ್ಟಿಲ ಮೇಲೆ ಕೂತು, ಮನೆಯಿಂದ ಆಗಷ್ಟೇ ಬಂದ ಬುತ್ತಿಯನ್ನು ತೊಡೆಯ ಮೇಲೆ ಬಿಚ್ಚುತ್ತಾರೆ. ‘ಇಷ್ಟು ವರ್ಷ ಮಧ್ಯಾಹ್ನ ಅದಕ್ಕೆ ನೀರು ಹೊಡೀತಾ ನನ್ನ ಊಟ ಆರಿಹೋಗ್ತಿತ್ತು,’ ಎನ್ನುತ್ತಾರೆ, ತುತ್ತು ಕಲಸುತ್ತಾ. ‘ಈಗ ಅದರ ಊಟ ಅದು ನೋಡ್ಕೊಳ್ಳುತ್ತೆ. ನನ್ನ ಊಟ ನಾನು ಬಿಸಿಯಾಗಿ ಉಣ್ತೀನಿ.’